ಎರಡು ಸಾಲುಗಳ ಸ್ವಾತಂತ್ರ್ಯ: ಓಪನ್‌ಐಡಿಯ ಮೊದಲ ದಶಕ, 2005–2015

ಜಾಲತಾಣಗಳ ಲಾಗಿನ್ ಚರಿತ್ರೆಯನ್ನು ಬರೆಯುವವರು ಓಪನ್‌ಐಡಿಯ ವಿಷಯವನ್ನು ಸಾಮಾನ್ಯವಾಗಿ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾರೆ: ಆಲೋಚನೆ ಒಳ್ಳೆಯದಿತ್ತು, ಜನಕ್ಕೆ ಅರ್ಥವಾಗಲಿಲ್ಲ, ಅಷ್ಟರಲ್ಲಿ ಫೇಸ್‌ಬುಕ್ಕಿನ ಬಟನ್ ಬಂತು, ಓಪನ್‌ಐಡಿ ಮೂಲೆಗೆ ಸರಿಯಿತು. ಇದು ಸುಳ್ಳಲ್ಲ, ಆದರೆ ಅರ್ಧ ಕಥೆ. ಓಪನ್‌ಐಡಿ ಎಂಬ ಹೆಸರು ಇಂದಿಗೂ ಚಾಲ್ತಿಯಲ್ಲಿದೆ. ಗೂಗಲ್ ಅಥವಾ ಮೈಕ್ರೋಸಾಫ್ಟ್ ಖಾತೆಯಿಂದ ಬೇರೆ ತಾಣಗಳಿಗೆ ಲಾಗಿನ್ ಆಗುವವರು ಬಳಸುತ್ತಿರುವುದು ಓಪನ್‌ಐಡಿ ಕನೆಕ್ಟ್ ಎಂಬ ನಿಯಮಾವಳಿಯನ್ನೇ. ಈ ನಡುವೆ ಕೈತಪ್ಪಿದ್ದು ಮೂಲ ವಿನ್ಯಾಸದಲ್ಲಿದ್ದ ಎರಡು ಹಕ್ಕುಗಳು. ಯಾರ ಅಪ್ಪಣೆಯನ್ನೂ ಕೇಳದೆ ಒಂದು ಪುಟ್ಟ ತಾಣ ಹೊರಗಿನವರ ಲಾಗಿನ್ ಒಪ್ಪಿಕೊಳ್ಳಬಹುದಿತ್ತು, ಇದು ಮೊದಲನೆಯದು. ಬಳಕೆದಾರ ತನ್ನ ಗುರುತನ್ನು ಹಾಗೇ ಉಳಿಸಿಕೊಂಡು, ಆ ಗುರುತಿಗೆ ಸಾಕ್ಷಿ ಹೇಳುವವರನ್ನು ಬೇಕೆಂದಾಗ ಬದಲಿಸಬಹುದಿತ್ತು, ಇದು ಎರಡನೆಯದು. ಇವು ಯಾವ ಹಂತದಲ್ಲಿ, ಯಾವ ತೀರ್ಮಾನಗಳಿಂದ ಹೋದವು ಎಂಬುದು ಈ ಲೇಖನದ ವಿಚಾರ.

ಒಂದೇ ಸಲ ಪಾಸ್‌ವರ್ಡ್ ಕೊಟ್ಟು ಹಲವು ಕಡೆ ಒಳಹೋಗುವ ಏರ್ಪಾಡು ವೆಬ್‌ಗಿಂತ ಹಳೆಯದು. ಎಂಐಟಿಯಲ್ಲಿ 1983ರಲ್ಲಿ ಶುರುವಾದ ಅಥೀನಾ ಯೋಜನೆಯಿಂದ ಬಂದ ಕರ್ಬರೋಸ್ ಅದನ್ನು ಒಂದು ಕ್ಯಾಂಪಸ್ಸಿನ ಮಟ್ಟಿಗೆ ಸಾಧಿಸಿ ತೋರಿಸಿತ್ತು. ಅಲ್ಲಿ ಎಲ್ಲ ಯಂತ್ರಗಳೂ ಒಂದೇ ಆಡಳಿತದ ಕೆಳಗಿದ್ದುದರಿಂದ ಯಾವ ಸರ್ವರನ್ನು ನಂಬಬೇಕು ಎಂಬ ತಕರಾರೇ ಹುಟ್ಟಲಿಲ್ಲ. ಇಡೀ ವೆಬ್‌ಗೆ ಅದೇ ರೀತಿ ಒಬ್ಬನೇ ಯಜಮಾನನನ್ನು ಕೂರಿಸಲು ಹೊರಟದ್ದು ಮೈಕ್ರೋಸಾಫ್ಟಿನ ಪಾಸ್‌ಪೋರ್ಟ್ (1999). ಆ ವರ್ಷದ ಕ್ರಿಸ್‌ಮಸ್ ಹೊತ್ತಿಗೆ ಪಾಸ್‌ಪೋರ್ಟಿನ ಡೊಮೇನ್ ಹೆಸರನ್ನು ನವೀಕರಿಸಲು ಕಂಪನಿ ಮರೆತು ಹಾಟ್‌ಮೇಲ್ ಲಾಗಿನ್ ಕೆಟ್ಟಿತು. ಕಂಪನಿಗೆ ಸಂಬಂಧವೇ ಇಲ್ಲದ ಒಬ್ಬ ಪ್ರೋಗ್ರಾಮರ್ ತಾನೇ 35 ಡಾಲರ್ ಕಟ್ಟಿದ. ಎಲ್ಲರ ಬೀಗದ ಕೈಯೂ ಒಂದೇ ಕಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿರಲಿಲ್ಲ. 2001ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಮುಂದಾಳತ್ವದಲ್ಲಿ ಲಿಬರ್ಟಿ ಅಲಯನ್ಸ್ ಹುಟ್ಟಿತು, 2002ರಲ್ಲಿ ಸ್ಯಾಮಲ್ ಎಂಬ ನಿಯಮಾವಳಿ ಬಂತು. ಇವು ಒಬ್ಬ ಯಜಮಾನನ ಬದಲು ಸಂಸ್ಥೆಗಳ ನಡುವಿನ ಒಪ್ಪಂದಗಳನ್ನು ನೆಚ್ಚಿಕೊಂಡವು. ವಿಶ್ವವಿದ್ಯಾಲಯಗಳಿಗೆ, ದೊಡ್ಡ ಕಂಪನಿಗಳಿಗೆ ಅದು ಸರಿಹೊಂದಿತು. ನಾಲ್ಕಾರು ಆಸಕ್ತರು ಬಿಡುವಿನ ವೇಳೆಯಲ್ಲಿ ನಡೆಸುವ ಸಮುದಾಯ ತಾಣ ಯಾರೊಡನೆ ಒಪ್ಪಂದ ಮಾಡಿಕೊಂಡೀತು?

ಅಂಥ ತಾಣಗಳು ಆಗಲೇ ತಮ್ಮದೇ ಒಂದು ದಾರಿ ಮಾಡಿಕೊಂಡಿದ್ದವು ಎಂಬುದು ಹೆಚ್ಚು ದಾಖಲಾಗದ ಸಂಗತಿ. ಜಾಲತಾಣ ಕಟ್ಟಲು ಬಳಸುವ ಡ್ರುಪಲ್ ತಂತ್ರಾಂಶದ 4ರ ಸರಣಿಯಲ್ಲಿ ಹಂಚಿಕೆಯ ದೃಢೀಕರಣ ಎಂಬ ಸೌಲಭ್ಯವಿತ್ತು. ಒಂದು ಡ್ರುಪಲ್ ತಾಣದ ಸದಸ್ಯ ಇನ್ನೊಂದು ಡ್ರುಪಲ್ ತಾಣಕ್ಕೆ ಹೋಗಿ, ಇಮೇಲ್ ವಿಳಾಸದ ಹಾಗೆ, ತನ್ನ ಹೆಸರಿನ ಮುಂದೆ ತನ್ನ ತಾಣದ ಹೆಸರು ಸೇರಿಸಿ ಪಾಸ್‌ವರ್ಡ್ ಒತ್ತುತ್ತಿದ್ದ. ಹೋದ ತಾಣ ಆ ಪಾಸ್‌ವರ್ಡನ್ನು ಅವನ ಮೂಲ ತಾಣಕ್ಕೆ ಕಳಿಸಿ ಸರಿಯೇ ಎಂದು ವಿಚಾರಿಸುತ್ತಿತ್ತು. ಒಪ್ಪಂದವಿಲ್ಲ, ನೋಂದಣಿಯಿಲ್ಲ, ಯಜಮಾನನಿಲ್ಲ. ಆದರೆ ಅದರ ದೋಷ ಎದ್ದು ಕಾಣುವಂಥದ್ದು: ಪಾಸ್‌ವರ್ಡ್ ಅಪರಿಚಿತ ತಾಣದ ಕೈಗೆ ಸಿಗುತ್ತಿತ್ತು. ಆ ತಾಣ ನಡೆಸುವವರು ಮನಸ್ಸು ಮಾಡಿದರೆ ಅದನ್ನು ಬರೆದಿಟ್ಟುಕೊಳ್ಳಬಹುದಿತ್ತು. ವಿಕೇಂದ್ರೀಕೃತ ಲಾಗಿನ್ ಬಿಡಿಸಬೇಕಾದ ಗಂಟು ಇದೇ.

ಅದನ್ನು ಬಿಡಿಸಿದವರು ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್. ಲೈವ್‌ಜರ್ನಲ್ ತಾಣವನ್ನು 1999ರಲ್ಲಿ ಕಟ್ಟಿದ ಇವರು, ಆ ತಾಣ ಸಿಕ್ಸ್ ಅಪಾರ್ಟ್ ಕಂಪನಿಯ ಪಾಲಾದ ಮೇಲೆ, 2005ರ ಮೇ ತಿಂಗಳಲ್ಲಿ ಓಪನ್‌ಐಡಿಯ ಮೊದಲ ರೂಪವನ್ನು ಪ್ರಕಟಿಸಿದರು. ಒಂದು ತಾಣದ ಬರಹಕ್ಕೆ ಬೇರೆ ತಾಣದವರು ಪ್ರತಿಕ್ರಿಯೆ ಬರೆಯಬೇಕು, ಅದಕ್ಕೆ ಹೊಸ ಖಾತೆ ಬೇಕಾಗಬಾರದು, ಬರೆದವರು ಯಾರೆಂದು ಗೊತ್ತಾಗಬೇಕು. ಉದ್ದೇಶ ಇಷ್ಟೇ. ವ್ಯಕ್ತಿ ಒಳ್ಳೆಯವನೋ ಕೆಟ್ಟವನೋ ಎಂದು ಹೇಳುವ ಹೊಣೆಯನ್ನು ಓಪನ್‌ಐಡಿ ಹೊರಲಿಲ್ಲ. ಈ ವೆಬ್ ವಿಳಾಸ ತನ್ನದು ಎನ್ನುವವನಿಗೆ ಅದರ ಮೇಲೆ ನಿಜಕ್ಕೂ ಹಿಡಿತ ಇದೆಯೇ ಎಂಬುದನ್ನು ಮಾತ್ರ ಅದು ತೋರಿಸುತ್ತಿತ್ತು. ಈ ಮಿತವಾದ ಗುರಿಯೇ ಅದರ ಬಲ ಎಂಬುದು ನನ್ನ ಅಭಿಪ್ರಾಯ.

ಅದು ಕೆಲಸ ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬಳಕೆದಾರ ಲಾಗಿನ್ ಪೆಟ್ಟಿಗೆಯಲ್ಲಿ ತನ್ನ ಪುಟದ ವಿಳಾಸ ಬರೆಯುತ್ತಾನೆ. ತಾಣ ಆ ಪುಟವನ್ನು ತರಿಸಿಕೊಂಡು, ಅದರ ತಲೆಭಾಗದಲ್ಲಿ, ಓದುಗರ ಕಣ್ಣಿಗೆ ಬೀಳದ ಎರಡು ಸಾಲುಗಳನ್ನು ಹುಡುಕುತ್ತದೆ. ‘ಓಪನ್‌ಐಡಿ.ಸರ್ವರ್’ ಎಂಬ ಮೊದಲ ಸಾಲು ಸಾಕ್ಷಿ ಹೇಳುವ ತಾಣ ಯಾವುದು ಎಂದು ತಿಳಿಸುತ್ತದೆ. ‘ಓಪನ್‌ಐಡಿ.ಡೆಲಿಗೇಟ್’ ಎಂಬ ಎರಡನೆಯದು ಆ ಸಾಕ್ಷಿ ತಾಣದಲ್ಲಿ ಈತನ ಖಾತೆ ಯಾವುದು ಎಂದು ತಿಳಿಸುತ್ತದೆ. ಹಿಂದೆಂದೂ ಪರಿಚಯವಿಲ್ಲದ ಈ ಎರಡು ತಾಣಗಳು ಡಿಫಿ–ಹೆಲ್‌ಮನ್ ವಿಧಾನದಿಂದ ಅಲ್ಲೇ ಒಂದು ಗುಪ್ತ ಕೀಲಿಯನ್ನು ಗೊತ್ತುಮಾಡಿಕೊಳ್ಳುತ್ತವೆ. ಬ್ರೌಸರ್ ಸಾಕ್ಷಿ ತಾಣಕ್ಕೆ ಹೋಗುತ್ತದೆ, ಬಳಕೆದಾರ ಪಾಸ್‌ವರ್ಡನ್ನು ಅಲ್ಲಿ ಮಾತ್ರ ಕೊಡುತ್ತಾನೆ, ಆ ಕೀಲಿಯಿಂದ ಸಹಿಯಾದ ಉತ್ತರ ಹೊತ್ತು ಬ್ರೌಸರ್ ಹಿಂದಿರುಗುತ್ತದೆ. ಕೀಲಿಯನ್ನು ನೆನಪಿಟ್ಟುಕೊಳ್ಳಲಾಗದ ಬಡಪಾಯಿ ಸರ್ವರ್‌ಗೂ ವ್ಯವಸ್ಥೆ ಇತ್ತು: ಬಂದ ಉತ್ತರವನ್ನು ಹಾಗೇ ಸಾಕ್ಷಿ ತಾಣಕ್ಕೆ ಮರಳಿ ಕಳಿಸಿ ‘ಇದು ನೀವೇ ಹೇಳಿದ್ದೇ?’ ಎಂದು ಕೇಳಿದರಾಯಿತು. ಅಗ್ಗದ ಹೋಸ್ಟಿಂಗ್‌ನಲ್ಲಿ ನಡೆಯುವ ತಾಣವನ್ನೂ ಮನಸ್ಸಿನಲ್ಲಿಟ್ಟುಕೊಂಡು ಮಾಡಿದ ವಿನ್ಯಾಸ ಇದು.

ಒಪ್ಪಿಕೊಂಡ ತಾಣ ತನ್ನ ದಾಖಲೆಯಲ್ಲಿ ಬರೆದಿಟ್ಟುಕೊಳ್ಳುತ್ತಿದ್ದುದು ಬಳಕೆದಾರನ ಸ್ವಂತ ವಿಳಾಸವನ್ನು. ಸಾಕ್ಷಿ ತಾಣದ ಸೇವೆ ಹಿಡಿಸದಿದ್ದರೆ ಆತ ತನ್ನ ಪುಟದ ಆ ಎರಡು ಸಾಲುಗಳನ್ನು ತಿದ್ದಿದರೆ ಸಾಕು, ಎಲ್ಲ ಕಡೆ ಹಳೆಯ ಖಾತೆ ಹಾಗೇ ತೆರೆಯುತ್ತಿತ್ತು. ಪಾಸ್‌ಪೋರ್ಟಿನಲ್ಲಾಗಲಿ ಸ್ಯಾಮಲ್‌ನಲ್ಲಾಗಲಿ ಸಾಮಾನ್ಯ ಬಳಕೆದಾರನಿಗೆ ಇಷ್ಟು ಅಧಿಕಾರ ಇರಲಿಲ್ಲ.

2007–08ರಲ್ಲಿ ಓಪನ್‌ಐಡಿ ಉಬ್ಬರಕ್ಕೆ ಬಂತು. 2007ರ ಫೆಬ್ರವರಿಯಲ್ಲಿ ಬಿಲ್ ಗೇಟ್ಸ್ ಬೆಂಬಲ ಘೋಷಿಸಿದರು. ಅದೇ ತಿಂಗಳು ಎಒಎಲ್ ತನ್ನ ಸುಮಾರು 6.3 ಕೋಟಿ ಬಳಕೆದಾರರಿಗೆ ಓಪನ್‌ಐಡಿ ಕೊಟ್ಟಿತು. 2008ರ ಜನವರಿಯಲ್ಲಿ ಯಾಹೂ ಸುಮಾರು 24.8 ಕೋಟಿ ಖಾತೆಗಳನ್ನು ಸೇರಿಸುವುದಾಗಿ ಹೇಳಿತು. ಫೆಬ್ರವರಿ 2008ರ ಡ್ರುಪಲ್ 6 ತನ್ನ ಹಳೆಯ ಹಂಚಿಕೆಯ ದೃಢೀಕರಣವನ್ನು ತೆಗೆದು ಓಪನ್‌ಐಡಿಯನ್ನು ತಿರುಳಿಗೇ ಸೇರಿಸಿಕೊಂಡಿತು. ಸಮುದಾಯ ತಾಣ ನಡೆಸುವವರು ಒಂದು ಮಾಡ್ಯೂಲಿಗೆ ಟಿಕ್ ಹಾಕಿದರೆ ಮುಗಿಯಿತು, ಜಗತ್ತಿನ ಯಾವ ಓಪನ್‌ಐಡಿಯವರೂ ಒಳಬರಬಹುದಿತ್ತು. ಸೆಪ್ಟೆಂಬರಿನಲ್ಲಿ ತೆರೆದ, ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ಸ್ಟ್ಯಾಕ್ ಓವರ್‌ಫ್ಲೋ ಓಪನ್‌ಐಡಿಯನ್ನು ಬಿಟ್ಟು ಬೇರೆ ಲಾಗಿನ್ನೇ ಇಟ್ಟಿರಲಿಲ್ಲ.

ಕನ್ನಡದವರೂ ಇದನ್ನು ಕಂಡದ್ದುಂಟು. ಆ ಕಾಲದ ಕನ್ನಡ ಬ್ಲಾಗುಗಳಲ್ಲಿ ಹೆಚ್ಚಿನವು ಬ್ಲಾಗ್‌ಸ್ಪಾಟ್ ಮತ್ತು ವರ್ಡ್‌ಪ್ರೆಸ್‌ಗಳಲ್ಲಿದ್ದವು. 2007ರ ಕೊನೆಯಲ್ಲಿ ಬ್ಲಾಗ್‌ಸ್ಪಾಟ್‌ನ ಪ್ರತಿಕ್ರಿಯೆ ಪೆಟ್ಟಿಗೆಗೆ ಓಪನ್‌ಐಡಿ ಆಯ್ಕೆ ಬಂದಾಗ, ವರ್ಡ್‌ಪ್ರೆಸ್‌ನಲ್ಲಿ ಬರೆಯುವವರು ಗೂಗಲ್ ಖಾತೆಯಿಲ್ಲದೆ, ತಮ್ಮ ಬ್ಲಾಗಿನ ವಿಳಾಸವನ್ನೇ ಗುರುತಾಗಿಟ್ಟುಕೊಂಡು ಅಲ್ಲಿ ಮಾತಾಡಬಹುದಾಯಿತು.

ಆದರೆ ಯಾಹೂ, ಗೂಗಲ್, ಮೈಕ್ರೋಸಾಫ್ಟ್ ಎಲ್ಲವೂ ಸಾಕ್ಷಿ ಹೇಳಲು ಮುಂದೆ ಬಂದವೇ ಹೊರತು, ಬೇರೆಯವರ ಸಾಕ್ಷಿಯನ್ನು ತಮ್ಮ ಮುಖ್ಯ ಸೇವೆಗಳಲ್ಲಿ ಒಪ್ಪಿಕೊಳ್ಳಲು ಮನಸ್ಸು ಮಾಡಲಿಲ್ಲ. ಬ್ಲಾಗ್‌ಸ್ಪಾಟ್‌ನ ಪೆಟ್ಟಿಗೆ ಗೂಗಲ್‌ನಲ್ಲಿ ಒಂದು ಅಪವಾದ. ಸಾಕ್ಷಿ ಹೇಳುವವನಿಗೆ ಬಳಕೆದಾರ ಹತ್ತಿರವಾಗುತ್ತಾನೆ, ಒಪ್ಪಿಕೊಳ್ಳುವವನಿಗೆ ದೂರವಾಗುತ್ತಾನೆ. ವ್ಯಾಪಾರದ ದೃಷ್ಟಿಯಿಂದ ಅವರ ಲೆಕ್ಕ ಸರಿಯಾಗಿಯೇ ಇತ್ತು.

ನಿರ್ಣಾಯಕ ತಿರುವು ಇದಕ್ಕೂ ಮೊದಲೇ, 2007ರ ಡಿಸೆಂಬರಿನ ಓಪನ್‌ಐಡಿ 2.0ರಲ್ಲಿ, ಬಂದಿತ್ತು ಎಂಬುದು ನನ್ನ ವಾದ. ಈ ಆವೃತ್ತಿಯಲ್ಲಿ ಬಳಕೆದಾರ ತನ್ನ ವಿಳಾಸವನ್ನು ಪೂರ್ತಿ ಬರೆಯಬೇಕಾಗಿರಲಿಲ್ಲ, ಯಾಹೂ ಎಂದು ಕಂಪನಿಯ ಹೆಸರು ಹೇಳಿದರೂ ನಡೆಯುತ್ತಿತ್ತು. ಯಾವ ಗುರುತು ಕೊಡಬೇಕೆಂಬುದು ಆಮೇಲೆ ಸಾಕ್ಷಿ ತಾಣದಲ್ಲಿ ತೀರ್ಮಾನವಾಗುತ್ತಿತ್ತು. ವೆಬ್ ವಿಳಾಸ ಬರೆಯಲು ತಡಕಾಡುತ್ತಿದ್ದ ಜನಕ್ಕೆ ಇದರಿಂದ ನಿಜವಾಗಿ ಅನುಕೂಲವಾಯಿತು. ಗೂಗಲ್ ಪ್ರತಿ ತಾಣಕ್ಕೂ ಬೇರೆ ಬೇರೆ ಗುರುತು ಕೊಡುವ ಮೂಲಕ, ತಾಣಗಳು ಸೇರಿಕೊಂಡು ಒಬ್ಬನ ಜಾಡು ಹಿಡಿಯದಂತೆ ತಡೆಯಿತು; ಅದನ್ನು ಅಲ್ಲಗಳೆಯಲಾಗದು. ಆದರೆ ಬಟನ್ನುಗಳ ಸಾಲು ಹುಟ್ಟಿದ್ದೂ ಇಲ್ಲಿಂದಲೇ. ಬಟನ್ ಒತ್ತುವವನಿಗೆ ತನ್ನದೆನ್ನುವ ವಿಳಾಸ ಬೇಕಿಲ್ಲ. ತಾಣದಿಂದ ತಾಣಕ್ಕೆ ಬದಲಾಗುವ ಗುರುತನ್ನು ಎರಡನೆಯ ಸಾಲಿನಲ್ಲಿ ಬರೆದಿಡಲೂ ಬರುವುದಿಲ್ಲ. ನಿಯಮಾವಳಿಯಲ್ಲಿ ಆ ಎರಡು ಸಾಲುಗಳು ಉಳಿದವು, ಬಳಕೆಯಲ್ಲಿ ಅಳಿದವು.

ಉಳಿದ ಕಾರಣಗಳು ಪರಿಚಿತವಾದುವೇ. ಕೆಟ್ಟ ತಾಣವೊಂದು ಬ್ರೌಸರನ್ನು ನಕಲಿ ಸಾಕ್ಷಿ ಪುಟಕ್ಕೆ ಕಳಿಸಿ ಪಾಸ್‌ವರ್ಡ್ ಕದಿಯಬಹುದೆಂದು ಭದ್ರತಾ ತಜ್ಞ ಬೆನ್ ಲೌರಿ 2007ರಲ್ಲೇ ಎಚ್ಚರಿಸಿದ್ದರು. 2008ರ ಡಿಸೆಂಬರಿನಲ್ಲಿ ಎಲ್ಲರಿಗೂ ತೆರೆದ ಫೇಸ್‌ಬುಕ್ ಕನೆಕ್ಟ್ ಹೆಸರು, ಚಿತ್ರ, ಗೆಳೆಯರ ಪಟ್ಟಿ ಎಲ್ಲವನ್ನೂ ತಾಣಗಳಿಗೆ ಒಟ್ಟಿಗೆ ಕೊಟ್ಟಿತು. ಬರಿಯ ವಿಳಾಸ ಕೊಡುವ ಓಪನ್‌ಐಡಿ ಅದರ ಮುಂದೆ ಸಪ್ಪೆಯಾಯಿತು.

ಎರಡು ಸಾಲುಗಳ ಬೆಲೆ ಎಷ್ಟೆಂದು ತಿಳಿಯಲು ಇತಿಹಾಸವೇ ಒಂದು ಪರೀಕ್ಷೆ ಒದಗಿಸಿದೆ. ಪೋರ್ಟ್‌ಲ್ಯಾಂಡಿನ ಜಾನ್‌ರೇನ್ ಕಂಪನಿ ನಡೆಸುತ್ತಿದ್ದ ಮೈಓಪನ್‌ಐಡಿ ಎಂಬ ಸಾಕ್ಷಿ ತಾಣ 2014ರ ಫೆಬ್ರವರಿ 1ರಂದು ಮುಚ್ಚಿತು. ಸ್ವಂತ ಪುಟದಿಂದ ಅದರತ್ತ ಬೊಟ್ಟುಮಾಡಿದ್ದವರಿಗೆ ಎರಡು ಸಾಲು ತಿದ್ದುವ ಕೆಲಸ ಮಾತ್ರ ಬಿತ್ತು. ಮೈಓಪನ್‌ಐಡಿ ಕೊಟ್ಟ ವಿಳಾಸವನ್ನೇ ಗುರುತಾಗಿ ಬಳಸಿದ್ದವರು, ಲಾಗಿನ್ ಆಗಿದ್ದ ಪ್ರತಿ ತಾಣಕ್ಕೂ ಹೋಗಿ ಬೇರೆ ದಾರಿ ಮಾಡಿಕೊಳ್ಳಬೇಕಾಯಿತು.

ಮರುವರ್ಷ, 2015ರ ಏಪ್ರಿಲ್ 20ರಂದು, ಗೂಗಲ್ ತನ್ನ ಓಪನ್‌ಐಡಿ 2.0 ಸೇವೆಯನ್ನು ನಿಲ್ಲಿಸಿತು. ತಾಣಗಳು ಓಪನ್‌ಐಡಿ ಕನೆಕ್ಟ್‌ಗೆ ಬರಬೇಕೆಂದಿತು, ಹಳೆಯ ಗುರುತನ್ನು ಹೊಸದಕ್ಕೆ ಜೋಡಿಸಲು ಒಂದು ಅವಕಾಶವನ್ನೂ ಕೊಟ್ಟಿತು. ಓಪನ್‌ಐಡಿ ಕನೆಕ್ಟ್ 2014ರ ಫೆಬ್ರವರಿಯಲ್ಲಿ ಪ್ರಕಟವಾಗಿತ್ತು. ತಂತ್ರದ ದೃಷ್ಟಿಯಿಂದ ಹಳೆಯದಕ್ಕಿಂತ ಸರಳ ಮತ್ತು ಭದ್ರ. ಆದರೆ ಅದು ನಿಂತಿರುವುದು ಓಆತ್ 2.0 ಎಂಬ ನಿಯಮಾವಳಿಯ ಬುನಾದಿಯ ಮೇಲೆ. ಆ ಬುನಾದಿಯ ಪ್ರಕಾರ ಒಪ್ಪಿಕೊಳ್ಳುವ ತಾಣ ಸಾಕ್ಷಿ ಹೇಳುವ ಕಂಪನಿಯಲ್ಲಿ ಮೊದಲೇ ಹೆಸರು ನೋಂದಾಯಿಸಿ, ಅದು ಕೊಡುವ ಸಂಖ್ಯೆ ಮತ್ತು ಗುಪ್ತಪದ ಪಡೆದಿರಬೇಕು. ಮುಂಚೆ ಪರಿಚಯವಿಲ್ಲದ ತಾಣ ತಾನಾಗಿಯೇ ನೋಂದಾಯಿಸಿಕೊಳ್ಳುವ ವಿಧಾನವೂ ನಿಯಮಾವಳಿಯ ಕಟ್ಟಿನಲ್ಲಿ ಇದೆ. ಗೂಗಲ್‌ನಂಥ ದೊಡ್ಡ ಕಂಪನಿಗಳು ಅದನ್ನು ತೆರೆದಿಡಲಿಲ್ಲ. ಹೀಗೆ ಮೊದಲ ಹಕ್ಕೂ ಹೋಯಿತು. ಸಣ್ಣ ತಾಣ ಈಗ ಕಂಪನಿಯ ಷರತ್ತುಗಳಿಗೆ ಒಪ್ಪಿಗೆ ಹಾಕಬೇಕು, ಕಂಪನಿ ಬೇಡವೆಂದರೆ ಅದರ ಲಾಗಿನ್ ನಿಲ್ಲುತ್ತದೆ. 2015ರ ನವೆಂಬರಿನಲ್ಲಿ ಬಂದ ಡ್ರುಪಲ್ 8ರ ತಿರುಳಿನಲ್ಲಿ ಓಪನ್‌ಐಡಿ ಇರಲಿಲ್ಲ. ಸ್ಟ್ಯಾಕ್ ಓವರ್‌ಫ್ಲೋ 2018ರ ಜುಲೈ ತನಕ ಇಟ್ಟುಕೊಂಡು ಕೈಬಿಟ್ಟಿತು.

ಕೇಂದ್ರೀಕೃತವಾದುದೆಲ್ಲ ಕೆಟ್ಟದ್ದು ಎಂದು ಇದರಿಂದ ತೀರ್ಮಾನಿಸಬೇಕಿಲ್ಲ. ಮೊದಲು ಕನ್ನಡ ವಿಕಿಪೀಡಿಯಕ್ಕೆ ಒಂದು ಖಾತೆ, ಇಂಗ್ಲಿಷಿನದಕ್ಕೆ ಇನ್ನೊಂದು, ಕಾಮನ್ಸ್‌ಗೆ ಮತ್ತೊಂದು ಎಂಬ ಸ್ಥಿತಿ ಇತ್ತು. 2008ರಲ್ಲಿ ವಿಕಿಮೀಡಿಯ ಏಕೀಕೃತ ಲಾಗಿನ್ ತಂದು ಅದನ್ನು ಸರಿಪಡಿಸತೊಡಗಿತು, 2015ರ ಏಪ್ರಿಲ್‌ನಲ್ಲಿ ಉಳಿದ ಖಾತೆಗಳನ್ನೂ ಒಂದುಗೂಡಿಸಿತು. ಒಂದೇ ಸಂಸ್ಥೆಯ ಸೋದರ ಯೋಜನೆಗಳಿಗೆ ಅದು ಯೋಗ್ಯ ಪರಿಹಾರ. ಪರಸ್ಪರ ಸಂಬಂಧವಿಲ್ಲದ ತಾಣಗಳ ಸಮಸ್ಯೆ ಬೇರೆ ಜಾತಿಯದು. ಅದಕ್ಕೆ ಮೊಜಿಲ್ಲ 2011ರಲ್ಲಿ ಇಮೇಲ್ ವಿಳಾಸವನ್ನು ಗುರುತಾಗಿಟ್ಟುಕೊಂಡು ಪರ್ಸೋನ ಎಂಬ ಪ್ರಯೋಗ ಮಾಡಿತು. ಬಳಕೆ ಬೆಳೆಯಲಿಲ್ಲ, 2016ರ ನವೆಂಬರಿನಲ್ಲಿ ಅದೂ ಮುಚ್ಚಿತು.

ಮೂಲ ಆಲೋಚನೆಯನ್ನು ಹಿಡಿದುಕೊಂಡವರು ಇಂಡಿವೆಬ್ ಗುಂಪಿನವರು. ಅವರ ಇಂಡಿಆತ್ ಎಂಬ ಲಾಗಿನ್ ನಿಯಮಾವಳಿಯನ್ನು ವೆಬ್ ಮಾನದಂಡಗಳ ಸಂಸ್ಥೆ ಡಬ್ಲ್ಯು3ಸಿ 2018ರ ಜನವರಿಯಲ್ಲಿ ಟಿಪ್ಪಣಿಯಾಗಿ ಪ್ರಕಟಿಸಿತು. ಬಳಕೆದಾರನ ಗುರುತು ಅವನ ಡೊಮೇನ್. ಸಾಕ್ಷಿ ತಾಣವನ್ನು ಸೂಚಿಸುವುದು ಮತ್ತೆ ಪುಟದ ತಲೆಭಾಗದ ಸಾಲುಗಳೇ. ಓಆತ್ ಬುನಾದಿಯನ್ನು ಉಳಿಸಿಕೊಂಡೂ ಅವರು ಮುಂಗಡ ನೋಂದಣಿಯನ್ನು ತೆಗೆದುಹಾಕಿದರು: ಒಪ್ಪಿಕೊಳ್ಳುವ ತಾಣದ ವೆಬ್ ವಿಳಾಸವೇ ಅದರ ನೋಂದಣಿ ಸಂಖ್ಯೆ. ಅದೇ ಉಪಾಯವನ್ನು ಬ್ಲೂಸ್ಕೈ ಎಂಬ ಸಾಮಾಜಿಕ ಜಾಲದ ಎಟಿ ಪ್ರೋಟೋಕಾಲ್ ಕೂಡ ತನ್ನ ಲಾಗಿನ್ ವಿಧಾನದಲ್ಲಿ ಅನುಸರಿಸಿದೆ. ಅಲ್ಲಿ ಡೊಮೇನ್ ಹೆಸರನ್ನೇ ತನ್ನ ಹೆಸರಾಗಿ ಇಟ್ಟುಕೊಳ್ಳಬಹುದು, ಖಾತೆಯನ್ನು ಒಂದು ಸರ್ವರಿನಿಂದ ಇನ್ನೊಂದಕ್ಕೆ ಒಯ್ಯಬಹುದು. ಎರಡೂ ಹಕ್ಕುಗಳು ಹೀಗೆ ಮರಳಿ ಬಂದಿವೆ. ಆದರೆ ಆ ಜಾಲದ ಬಹುತೇಕ ಖಾತೆಗಳ ಕಾಯಂ ಗುರುತನ್ನು ಬರೆದಿಡುವ ದಾಖಲೆಪುಸ್ತಕವನ್ನು ಕಟ್ಟಿ ನಡೆಸಿದ್ದು ಬ್ಲೂಸ್ಕೈ ಕಂಪನಿಯೇ. ಅದನ್ನು ಬಿಟ್ಟು ತನ್ನ ಡೊಮೇನನ್ನೇ ನೆಚ್ಚಿಕೊಳ್ಳುವ ಇನ್ನೊಂದು ಆಯ್ಕೆಯೂ ಉಂಟು, ಡೊಮೇನ್ ಕೈತಪ್ಪಿದರೆ ಗುರುತೂ ಕೈತಪ್ಪುತ್ತದೆ.