ಅಂಕಣಕ್ಕಿಳಿದ ಯೋಗಾಸನ

ಯೋಗಾಸನ ಇಂದು ಭಾರತ ಸರ್ಕಾರದ ಮಾನ್ಯತೆ ಪಡೆದ ಸ್ಪರ್ಧಾತ್ಮಕ ಕ್ರೀಡೆ. ವಯೋವರ್ಗ, ತೀರ್ಪುಗಾರರು, ಅಂಕಪಟ್ಟಿ, ಪದಕ ಎಲ್ಲವೂ ಅದಕ್ಕಿವೆ. ಅದು ಈ ರೂಪಕ್ಕೆ ಬಂದದ್ದು ಸುಮಾರು ಒಂದು ಶತಮಾನದ ಅವಧಿಯಲ್ಲಿ. ಪತಂಜಲಿಯ ಯೋಗಸೂತ್ರಗಳು ಹೇಳುವ ಎಂಟು ಅಂಗಗಳಲ್ಲಿ ಆಸನ ಮೂರನೆಯದು. ಅದಕ್ಕೆ ಮೀಸಲಾದ ಸೂತ್ರಗಳು ಮೂರೇ; ಅವುಗಳಲ್ಲಿ ಯಾವ ಆಸನದ ಹೆಸರೂ ಇಲ್ಲ. ಹಠಯೋಗಪ್ರದೀಪಿಕೆ ವಿವರಿಸುವುದು 15 ಆಸನಗಳನ್ನು. ಆಸನಗಳು ನೂರಾರಾಗಿ ಬೆಳೆದು, ಅವುಗಳ ಪ್ರದರ್ಶನವೇ ಒಂದು ಕಲೆಯೆನಿಸಿದ್ದು ಬಹಳ ನಂತರ.

20ನೇ ಶತಮಾನದ ಆರಂಭದಲ್ಲಿ ದೇಹಬಲವನ್ನು ರಾಷ್ಟ್ರಬಲವೆಂದು ಕಂಡ ಚಿಂತನೆ ಈ ಬದಲಾವಣೆಗೆ ಪ್ರೇರಣೆಯಾಯಿತು. 1923ರಲ್ಲಿ ಬಿಷ್ಣು ಚರಣ್ ಘೋಷ್ ಕಲ್ಕತ್ತೆಯಲ್ಲಿ ದೈಹಿಕ ಶಿಕ್ಷಣ ಸಂಸ್ಥೆ ಕಟ್ಟಿ ಭಾರ ಎತ್ತುವಿಕೆಯ ಜೊತೆಗೆ ಆಸನಗಳನ್ನೂ ಕಲಿಸಿದರು. ಮರುವರ್ಷ ಸ್ವಾಮಿ ಕುವಲಯಾನಂದರು ಲೋಣಾವಳದಲ್ಲಿ ಕೈವಲ್ಯಧಾಮ ಸ್ಥಾಪಿಸಿ ಯೋಗಕ್ರಿಯೆಗಳನ್ನು ಪ್ರಯೋಗಾಲಯದ ಪರೀಕ್ಷೆಗೆ ಒಡ್ಡಿದರು. ಮುಂದೆ ಶಾಲಾ ಮಕ್ಕಳು ಸಾಲಾಗಿ ನಿಂತು ಮಾಡಬಹುದಾದ ಸಾಮೂಹಿಕ ಯೌಗಿಕ ವ್ಯಾಯಾಮವನ್ನೂ ರೂಪಿಸಿದರು. ಔಂಧ್ ಸಂಸ್ಥಾನದ ಅರಸ ಭವಾನರಾವ್ ಪಂತ್ ಪ್ರತಿನಿಧಿ ಸೂರ್ಯನಮಸ್ಕಾರವನ್ನು ಪ್ರಚಾರ ಮಾಡಿದರು. ಸಲಕರಣೆ ಬೇಡದ, ಖರ್ಚಿಲ್ಲದ ಈ ಅಭ್ಯಾಸ ಬಡ ದೇಶಕ್ಕೆ ಒಗ್ಗುವಂಥದ್ದಾಗಿತ್ತು. ಶಿಸ್ತು ಮತ್ತು ಸ್ವದೇಶಿ ಭಾವನೆ ಎರಡನ್ನೂ ಅದು ಒಟ್ಟಿಗೆ ಕಲಿಸಬಲ್ಲದೆಂಬ ನಂಬಿಕೆಯಿತ್ತು.

ಇದೇ ಕಾಲದಲ್ಲಿ ಮೈಸೂರು ಒಂದು ಮುಖ್ಯ ಕೇಂದ್ರವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೆ ಕೃಷ್ಣಮಾಚಾರ್ಯರು 1933ರಲ್ಲಿ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಆರಂಭಿಸಿದರು. ಮರುವರ್ಷ ಅವರ ‘ಯೋಗಮಕರಂದ’ ಕನ್ನಡದಲ್ಲಿ ಪ್ರಕಟವಾಯಿತು. ಯೋಗದ ಪ್ರಚಾರಕ್ಕಾಗಿ ಶಿಷ್ಯರು ಸಭೆಗಳಲ್ಲಿ, ಅತಿಥಿಗಳ ಮುಂದೆ ಕಠಿಣ ಆಸನಗಳನ್ನು ಪ್ರದರ್ಶಿಸಬೇಕಿತ್ತು. ಬಿ.ಕೆ.ಎಸ್. ಅಯ್ಯಂಗಾರ್, ಕೆ. ಪಟ್ಟಾಭಿ ಜೋಯಿಸ್ ಈ ಶಾಲೆಯ ಶಿಷ್ಯಪರಂಪರೆಗೆ ಸೇರಿದವರು. 1941ರಲ್ಲಿ ಬಂದ ‘ಯೋಗಾಸನಗಳು’ ಕೃತಿಯಲ್ಲಿ ಕೃಷ್ಣಮಾಚಾರ್ಯರು ಆಸನಗಳನ್ನು ಪ್ರಾರಂಭ, ಮಧ್ಯಮ, ಪ್ರವೀಣ ಎಂದು ಮೂರು ದರ್ಜೆಗಳಲ್ಲಿ ಜೋಡಿಸಿದರು. ಅರಮನೆಯ ನೆರವು ನಿಂತ ಮೇಲೆ, 1950ರಲ್ಲಿ ಯೋಗಶಾಲೆ ಮುಚ್ಚಿತು. ಆದರೆ ಆಸನವನ್ನು ಜನರ ಮುಂದೆ ಮಾಡಿ ತೋರಿಸುವ ಪದ್ಧತಿ, ಕಷ್ಟದ ಮಟ್ಟದ ಮೇಲೆ ಅದನ್ನು ವಿಂಗಡಿಸುವ ಕ್ರಮ ಆ ಹೊತ್ತಿಗೆ ನೆಲೆಗೊಂಡಿದ್ದವು. ಮುಂದೆ ಬಂದ ಸ್ಪರ್ಧೆಗೆ ಬೇಕಾಗಿದ್ದುದೂ ಇವೆರಡೇ.

ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಸಂಘಟನೆಗಳು ಹುಟ್ಟಿ, ಜಿಲ್ಲೆ, ರಾಜ್ಯ, ರಾಷ್ಟ್ರ ಮಟ್ಟದ ಸ್ಪರ್ಧೆಗಳು ಬೆಳೆದವು. ಸರ್ಕಾರದ ನಿಲುವು ಮಾತ್ರ ಬಹುಕಾಲ ಸ್ಪಷ್ಟವಾಗಲಿಲ್ಲ. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ಜೂನ್ 21ನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಘೋಷಿಸಿತು. 2015ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಕ್ರೀಡಾ ಸಚಿವಾಲಯ ಯೋಗವನ್ನು ಆದ್ಯತೆಯ ಕ್ರೀಡೆಗಳ ಸಾಲಿಗೆ ಸೇರಿಸಿತು. 2016ರ ಡಿಸೆಂಬರ್‌ನಲ್ಲಿ ಆ ಮಾನ್ಯತೆಯನ್ನು ಹಿಂಪಡೆಯಿತು. ಯೋಗಕ್ಕೆ ಹಲವು ಆಯಾಮಗಳಿದ್ದು, ಅವುಗಳಲ್ಲಿ ಸ್ಪರ್ಧೆ ಸಾಧ್ಯವಿಲ್ಲವೆಂಬುದು ಆಗ ಕೊಟ್ಟ ಕಾರಣ.

ಈ ತೊಡಕು ಬಗೆಹರಿದದ್ದು ಸ್ಪರ್ಧೆಯ ವ್ಯಾಪ್ತಿಯನ್ನು ಆಸನಕ್ಕಷ್ಟೇ ಸೀಮಿತಗೊಳಿಸಿದ ಮೇಲೆ. 2019ರಲ್ಲಿ ಅಂತರರಾಷ್ಟ್ರೀಯ ಯೋಗಾಸನ ಕ್ರೀಡಾ ಒಕ್ಕೂಟ ರಚನೆಯಾಯಿತು. ಬೆಂಗಳೂರು ಬಳಿಯ ಎಸ್-ವ್ಯಾಸ ವಿಶ್ವವಿದ್ಯಾಲಯದ ಡಾ. ಎಚ್.ಆರ್. ನಾಗೇಂದ್ರ ಅದರ ಪ್ರಧಾನ ಕಾರ್ಯದರ್ಶಿಯಾದರು. 2020ರ ಡಿಸೆಂಬರ್ 17ರಂದು ಸರ್ಕಾರ ಯೋಗಾಸನವನ್ನು ಕ್ರೀಡೆಯೆಂದು ಘೋಷಿಸಿತು. ಆಗಿನ ಪ್ರಸ್ತಾವದಲ್ಲಿ ನಾಲ್ಕು ಸ್ಪರ್ಧೆಗಳು, ಏಳು ವಿಭಾಗಗಳು, 51 ಪದಕಗಳಿದ್ದವು. ಸಾಂಪ್ರದಾಯಿಕ ವಿಭಾಗದಲ್ಲಿ ಸ್ಪರ್ಧಿ ಆಸನವನ್ನು ಅಲುಗಾಡದೆ ನಿಗದಿತ ಹೊತ್ತು ಹಿಡಿದಿಡಬೇಕು. ಕಲಾತ್ಮಕ ಮತ್ತು ಲಯಬದ್ಧ ವಿಭಾಗಗಳಲ್ಲಿ ಸಂಗೀತ, ಹೊಂದಾಣಿಕೆ, ಒಂದು ಆಸನದಿಂದ ಇನ್ನೊಂದಕ್ಕೆ ಸಾಗುವ ನಯವೂ ಲೆಕ್ಕಕ್ಕೆ ಬರುತ್ತವೆ.

2022ರ ಜೂನ್‌ನಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಗತ್ಕಾ, ಕಳರಿಪಯಟ್ಟು, ಥಾಂಗ್-ತಾ, ಮಲ್ಲಕಂಬದ ಜೊತೆ ಯೋಗಾಸನವೂ ದೇಸಿ ಕ್ರೀಡೆಯಾಗಿ ಸೇರಿತು. ಅದೇ ವರ್ಷ ಗುಜರಾತಿನ ರಾಷ್ಟ್ರೀಯ ಕ್ರೀಡಾಕೂಟದಲ್ಲೂ ಅದಕ್ಕೆ ಸ್ಥಾನ ಸಿಕ್ಕಿತು. 2024ರ ಸೆಪ್ಟೆಂಬರ್‌ನಲ್ಲಿ ದೆಹಲಿಯಲ್ಲಿ ಸಭೆ ಸೇರಿದ ಏಷ್ಯಾ ಒಲಿಂಪಿಕ್ ಮಂಡಳಿ, 2026ರ ಐಚಿ-ನಗೋಯಾ ಏಷ್ಯನ್ ಕ್ರೀಡಾಕೂಟಕ್ಕೆ ಯೋಗಾಸನವನ್ನು ಪ್ರದರ್ಶನ ಕ್ರೀಡೆಯಾಗಿ ಒಪ್ಪಿಕೊಂಡಿತು.

ಸ್ಥೈರ್ಯ, ಶಿಸ್ತು, ದೇಸಿ ಪರಂಪರೆಯ ಹೆಮ್ಮೆ ಈ ಕ್ರೀಡೆಯ ಮೌಲ್ಯಗಳೆಂದು ಸಂಘಟಕರು ಹೇಳುತ್ತಾರೆ. ಇವು 1920ರ ದಶಕದ ವ್ಯಾಯಾಮ ಚಳವಳಿಯಿಂದ ಬಂದವು. ಅಹಿಂಸೆ, ಅಪರಿಗ್ರಹದಂಥ ಯಮಗಳಿಗೂ ಧ್ಯಾನಕ್ಕೂ ಅಂಕ ಕೊಡುವ ವಿಧಾನವಿಲ್ಲ. ಹೀಗಾಗಿ ಅಷ್ಟಾಂಗಗಳಲ್ಲಿ ತೀರ್ಪುಗಾರರ ಕಣ್ಣಿಗೆ ಕಾಣುವ ಒಂದು ಅಂಗವಷ್ಟೇ ಕ್ರೀಡೆಯಾಯಿತು.