ಹಿಮಹಾಸು ಮತ್ತು ಭೂರೂಪಗಳು

ಒಂದು ಖಂಡವನ್ನೋ ಅದರ ದೊಡ್ಡ ಭಾಗವನ್ನೋ ಮುಚ್ಚಿ ನಿಂತ, 50,000 ಚದರ ಕಿ.ಮೀ.ಗಿಂತ ಹೆಚ್ಚು ವಿಸ್ತಾರದ ನೆಲದ ಮೇಲಿನ ಹಿಮರಾಶಿಗೆ ಹಿಮಹಾಸು ಎನ್ನುತ್ತಾರೆ. ಖಂಡೀಯ ಹಿಮನದಿ ಎಂಬ ಹೆಸರೂ ಬಳಕೆಯಲ್ಲಿದೆ. ಇಂದು ಉಳಿದಿರುವುದು ಎರಡೇ: ಸುಮಾರು 140 ಲಕ್ಷ ಚದರ ಕಿ.ಮೀ.ನ ಅಂಟಾರ್ಕ್ಟಿಕ ಮತ್ತು ಸುಮಾರು 17 ಲಕ್ಷ ಚದರ ಕಿ.ಮೀ.ನ ಗ್ರೀನ್‌ಲ್ಯಾಂಡ್. ಸುಮಾರು 21,000 ವರ್ಷಗಳ ಹಿಂದೆ ಕೆನಡಾ ಮತ್ತು ಉತ್ತರ ಯುರೋಪು ಕೂಡ ಹೀಗೆಯೇ ಹಿಮದಡಿ ಹುದುಗಿದ್ದವು.

ಕಣಿವೆಯ ಹಿಮನದಿ ಇಳಿಜಾರನ್ನು ನೋಡಿಕೊಂಡು ಹರಿಯುತ್ತದೆ. ಹಿಮಹಾಸಿಗೆ ಆ ಹಂಗಿಲ್ಲ. ನಡುವೆ ಎರಡು ಮೂರು ಕಿ.ಮೀ. ದಪ್ಪಗೆ ಪೇರಿಸಿಕೊಂಡ ಹಿಮ ತನ್ನ ಭಾರಕ್ಕೇ ಹಿಗ್ಗಿ ಅಂಚುಗಳತ್ತ ಸರಿಯುತ್ತದೆ. ಎದುರಿಗೆ ದಿಬ್ಬ ಬಂದರೆ ಹತ್ತಿ ಇಳಿಯುತ್ತದೆ. ತಳದಲ್ಲಿ ಕರಗಿದ ನೀರು ಬಂಡೆಯ ಬಿರುಕುಗಳಿಗೆ ಇಳಿದು ಮತ್ತೆ ಹೆಪ್ಪುಗಟ್ಟಿ ಕಲ್ಲಿನ ತುಂಡುಗಳನ್ನು ಕೀಳುತ್ತದೆ. ಕಿತ್ತ ಕಲ್ಲುಗಳು ಹಿಮದ ತಳಕ್ಕೆ ಅಂಟಿ ಮುಂದಿನ ಬಂಡೆಯನ್ನು ಪಾಲಿಶ್ ಕಾಗದದಂತೆ ಉಜ್ಜುತ್ತವೆ. ಹಿಮ ಬಂದ ದಿಕ್ಕಿಗೆ ನುಣುಪಾಗಿ, ಹೋದ ದಿಕ್ಕಿಗೆ ಒರಟಾಗಿ ಮುರಿದ ಗುಡ್ಡೆಗಳೂ ಸಾಲುಸಾಲು ಗೀರುಗಳೂ ಹಿಮ ಸಾಗಿದ ದಾರಿಯನ್ನು ಇಂದಿಗೂ ತೋರಿಸುತ್ತವೆ. ಆದರೆ ತಳ ಕರಗದೆ ನೆಲಕ್ಕೆ ಹೆಪ್ಪುಗಟ್ಟಿ ಕೂತಲ್ಲಿ ಸವೆತ ಬಹಳ ಕಡಿಮೆ. ಸ್ವೀಡನ್ನಿನ ಕೆಲವೆಡೆ ಹಿಮಯುಗಕ್ಕೂ ಹಿಂದಿನ ಭೂಮುಖ ಹೀಗೆ ಕೆಡದೆ ಉಳಿದಿದೆ. ಹಿಮಹಾಸು ಎಲ್ಲವನ್ನೂ ಬೋಳಿಸಿ ಸಮಮಾಡುತ್ತದೆ ಎಂಬ ಪಠ್ಯಪುಸ್ತಕದ ಮಾತು ಅರ್ಧ ನಿಜ ಮಾತ್ರ.

ಹೊತ್ತು ತಂದದ್ದನ್ನು ಇಳಿಸುವ ರೀತಿಯಲ್ಲೇ ಹಿಮದ ಗುರುತು ಹೆಚ್ಚು ಸ್ಪಷ್ಟ. ನದಿಯಾದರೆ ಕಲ್ಲು, ಮರಳು, ಮೆಕ್ಕಲುಗಳನ್ನು ಬೇರೆಬೇರೆಯಾಗಿ ಇಳಿಸುತ್ತದೆ. ಹಿಮ ಮಾತ್ರ ನುಣ್ಣನೆಯ ಹಿಟ್ಟಿನಂಥ ಪುಡಿಯಿಂದ ಮನೆಗಾತ್ರದ ಬಂಡೆಯವರೆಗೆ ಎಲ್ಲವನ್ನೂ ಒಟ್ಟಿಗೆ ಸುರಿಯುತ್ತದೆ. ಈ ಬೆರಕೆ ರಾಶಿಯೇ ಟಿಲ್. ಅಂಚಿನಲ್ಲಿ ಅದು ಮೊರೇನ್ ದಿಬ್ಬವಾಗುತ್ತದೆ. ಹಿಮದಡಿ ರೂಪುಗೊಂಡ ಉದ್ದನೆಯ ಗುಡ್ಡೆಗಳು ಡ್ರಮ್ಲಿನ್. ಹಿಮದಡಿಯ ಸುರಂಗದಲ್ಲಿ ಹರಿದ ತೊರೆ ಬಿಟ್ಟುಹೋದ ಮರಳು ಮತ್ತು ಕಲ್ಲುಗಳ ಅಂಕುಡೊಂಕಿನ ಏರಿ ಎಸ್ಕರ್. ಹೂತುಹೋದ ಹಿಮದ ತುಂಡು ತಡವಾಗಿ ಕರಗಿದಲ್ಲಿ ಗುಂಡಿ ಬಿದ್ದು ಕೆರೆಯಾಗುತ್ತದೆ. ಫಿನ್ಲೆಂಡ್, ಕೆನಡಾಗಳ ಲೆಕ್ಕವಿಲ್ಲದಷ್ಟು ಸರೋವರಗಳಲ್ಲಿ ಬಹುಪಾಲು ಹಿಮ ಕೆತ್ತಿದವು ಇಲ್ಲವೇ ಅದರ ರಾಶಿಗಳು ಅಡ್ಡಗಟ್ಟಿದವು.

ಹಿಮ ಹೋದ ಮೇಲೂ ಕೆಲಸ ಮುಗಿಯುವುದಿಲ್ಲ. ಭಾರಕ್ಕೆ ಕುಸಿದಿದ್ದ ನೆಲ ನಿಧಾನವಾಗಿ ಮೇಲೇಳುತ್ತದೆ. ಸ್ವೀಡನ್ ಮತ್ತು ಫಿನ್ಲೆಂಡ್ ನಡುವಿನ ಬಾಥ್ನಿಯ ಕೊಲ್ಲಿಯ ಉತ್ತರ ಕರಾವಳಿ ಇಂದಿಗೂ ವರ್ಷಕ್ಕೆ ಸುಮಾರು 9 ಮಿ.ಮೀ. ಏರುತ್ತಿದೆ. ಹಿಮ ಉಚ್ಛ್ರಾಯದಲ್ಲಿದ್ದಾಗ ನೀರು ನೆಲದ ಮೇಲೆ ಹಿಮವಾಗಿ ನಿಂತು ಸಮುದ್ರಮಟ್ಟ ಸುಮಾರು 120 ಮೀಟರ್ ಕೆಳಗಿತ್ತು. ಆಗ ಕಾರವಾರದ ದಡ ಇಂದಿನದಕ್ಕಿಂತ ಹತ್ತಾರು ಕಿ.ಮೀ. ಪಶ್ಚಿಮಕ್ಕಿತ್ತು. ಉತ್ತರದ ಹಿಮಹಾಸು ಕನ್ನಡನಾಡನ್ನು ಮುಟ್ಟಿದ್ದು ಇಂಥ ದೂರದ ದಾರಿಯಿಂದ.

ಬೆಳಗಾವಿಯಿಂದ ಮಚ್ಛೆ ದಾಟಿ ಖಾನಾಪುರದತ್ತ ಹೋಗುವವರು ನೋಡುವ ನೆಲದಲ್ಲಿ ಹಿಮದ ಕೈಕೆಲಸವಿಲ್ಲ. ಅಡಿಯಲ್ಲಿರುವುದು ಸುಮಾರು 6.6 ಕೋಟಿ ವರ್ಷ ಹಿಂದಿನ ದಖನ್ನಿನ ಲಾವಾ, ಅಂದರೆ ಕಪ್ಪು ಬಸಾಲ್ಟ್. ಮೇಲಿರುವುದು ಬಿಸಿಲು ಮಳೆಗಳು ಅದನ್ನೇ ಕೊಳೆಸಿ ಮಾಡಿದ ಜಂಬಿಟ್ಟಿಗೆ. ರಸ್ತೆಗೆ ಗುಡ್ಡ ಕಡಿದಲ್ಲಿ ಮುರಂ ನಡುವೆ ಕಾಣುವ ದುಂಡುಕಲ್ಲುಗಳನ್ನು ಯಾವುದೂ ಹೊತ್ತು ತಂದಿಲ್ಲ. ಬಿರುಕುಗಳಲ್ಲಿ ನೀರಿಳಿದು ಮೂಲೆಗಳು ಮೊದಲು ಕರಗಿ, ಗಟ್ಟಿ ತಿರುಳು ಇದ್ದಲ್ಲೇ ಉಂಡೆಯಾಗಿ ಉಳಿದಿದೆ. ಹಂಪಿಯ ಗ್ರಾನೈಟ್ ಗುಂಡುಗಳ ಕಥೆಯೂ ಹೆಚ್ಚುಕಡಿಮೆ ಇದೇ.

ಭಾರತಕ್ಕೆ ಹಿಮಹಾಸು ಬಂದೇ ಇಲ್ಲವೆಂದಲ್ಲ. ಸುಮಾರು 30 ಕೋಟಿ ವರ್ಷಗಳ ಹಿಂದೆ ಈ ನೆಲ ಗೊಂಡ್ವಾನ ಖಂಡದ ಭಾಗವಾಗಿ ದಕ್ಷಿಣ ಧ್ರುವದ ಕಡೆಗಿತ್ತು. 1856ರಲ್ಲಿ ಭೂವಿಜ್ಞಾನಿಗಳಾದ ಬ್ಲಾನ್‌ಫರ್ಡ್ ಸೋದರರು ಮತ್ತು ಥಿಯೋಬಾಲ್ಡ್ ಒಡಿಶಾದ ತಾಲ್ಚೇರ್ ಕಲ್ಲಿದ್ದಲ ಕ್ಷೇತ್ರದ ಬುಡದಲ್ಲಿದ್ದ ಬೆರಕೆ ಬಂಡೆಗಳ ಪದರ ಹಿಮದ ಕೆಲಸವೆಂದು ಊಹಿಸಿದರು. ಹಿಮಯುಗದ ಕಲ್ಪನೆಯನ್ನು ಲೂಯಿ ಅಗಾಸಿ ಯುರೋಪಿನಲ್ಲಿ ಮಂಡಿಸಿ ಆಗಿನ್ನೂ ಇಪ್ಪತ್ತು ವರ್ಷವಾಗಿರಲಿಲ್ಲ. ಉಷ್ಣವಲಯದಲ್ಲಿ ನಿಂತು ಹಾಗೆ ಹೇಳಲು ಧೈರ್ಯವೇ ಬೇಕಿತ್ತು. 1875ರಲ್ಲಿ ಭೂವಿಜ್ಞಾನಿ ಫೆಡನ್, ಮಹಾರಾಷ್ಟ್ರದ ಚಂದ್ರಾಪುರ ಸೀಮೆಯ ಇರಾಯಿ ಬಳಿ ಅದೇ ಪದರದಡಿಯ ಸುಣ್ಣಕಲ್ಲಿನ ಮೇಲೆ ಗೀರುಗಳನ್ನು ವರದಿ ಮಾಡಿದ ಮೇಲೆ ವಾದಕ್ಕೆ ಬಲ ಬಂತು. ಆ ಕಾಲದ ಗುಡ್ಡೆ, ದಿಬ್ಬಗಳ ಆಕಾರ ಅಳಿದಿದೆ. ಕಲ್ಲಾದ ಟಿಲ್, ಕೆಲವು ಗೀರುಗಳಷ್ಟೇ ಸಾಕ್ಷಿ. ಬೆಳಗಾವಿ ಸುತ್ತ ಅದೂ ಇಲ್ಲ: ಹಳೆಯ ಕಲಾದಗಿ ಶಿಲೆಗಳಿಗೂ ಲಾವಾಕ್ಕೂ ನಡುವೆ ಆ ಯುಗದ ಪುಟವೇ ಕಾಣೆಯಾಗಿದೆ.

ಕರ್ನಾಟಕದೊಳಗಿನ ಸುಳಿವು ಇನ್ನೂ ಬಹಳ ಹಿಂದಿನದು. ಚಿತ್ರದುರ್ಗ ಜಿಲ್ಲೆ ಹೊಳಲ್ಕೆರೆ ತಾಲ್ಲೂಕಿನ ತಾಳ್ಯದ ಬೆರಕೆ ಕಲ್ಲುಗಳ ಪದರ ಸುಮಾರು 270 ಕೋಟಿ ವರ್ಷ ಹಿಂದೆ ಹಿಮ ಸಮುದ್ರಕ್ಕೆ ತಂದು ಸುರಿದದ್ದು ಎಂದು 2014ರ ಕರೆಂಟ್ ಸೈನ್ಸ್ ಲೇಖನವೊಂದು ವಾದಿಸಿತು. ತೇಲುವ ಹಿಮ ಕರಗಿ ಸಮುದ್ರತಳದ ನುಣ್ಣನೆಯ ಕೆಸರಿಗೆ ಕಲ್ಲು ಬೀಳಿಸಿದರೆ ಪದರಗಳು ಅಲ್ಲಿ ಬಾಗುತ್ತವೆ. ಇಂಥ ಬೀಳುಗಲ್ಲುಗಳೇ ಈ ಬಗೆಯ ವಾದಕ್ಕೆ ಮುಖ್ಯ ಆಧಾರ. ಅದು ಖಂಡ ಮುಚ್ಚಿದ ಹಿಮವೋ ಚಿಕ್ಕ ಹಿಮನದಿಯೋ ಎಂಬುದನ್ನು ಅಷ್ಟರಿಂದಲೇ ತೀರ್ಮಾನಿಸಲಾಗದು.

ಅಳಿಯದ, ಹೊಸ ರೂಪಗಳನ್ನು ಭಾರತೀಯರು ಓದುತ್ತಿರುವುದು ಅಂಟಾರ್ಕ್ಟಿಕದಲ್ಲಿ. ಭಾರತದ ಸಂಶೋಧನಾ ನೆಲೆ ಮೈತ್ರಿ ಇರುವ ಶಿರ್ಮಾಕರ್ ಪ್ರದೇಶದಲ್ಲಿ ಹಿಮ ಸರಿದು ಬಯಲಾದ ನುಣುಪು ಗುಡ್ಡೆಗಳೂ ಸುಮಾರು ನೂರು ಸರೋವರಗಳೂ ಇವೆ. ಅಲ್ಲಿಯ ಸಂಶೋಧನೆಯನ್ನು ನಡೆಸುವ ರಾಷ್ಟ್ರೀಯ ಧ್ರುವ ಮತ್ತು ಸಾಗರ ಸಂಶೋಧನಾ ಕೇಂದ್ರ ಇರುವುದು ಗೋವಾದ ವಾಸ್ಕೊದಲ್ಲಿ.