ಉಪವಾಸದ ದಿನದ ಸಿಹಿ ಬನ್ನು

1773ರ ಏಪ್ರಿಲ್ 9, ಶುಭ ಶುಕ್ರವಾರ. ಜೇಮ್ಸ್ ಬಾಸ್ವೆಲ್ ಬೆಳಗಿನ ಉಪಾಹಾರಕ್ಕೆ ಲಂಡನ್ನಿನಲ್ಲಿದ್ದ ನಿಘಂಟುಕಾರ ಸ್ಯಾಮ್ಯುಯೆಲ್ ಜಾನ್ಸನ್ನನ ಮನೆಗೆ ಹೋದ. ಜಾನ್ಸನ್ನನ ಆಶ್ರಯದಲ್ಲಿದ್ದ ಬಡ ವೈದ್ಯ ಲೆವೆಟ್ ಚಹಾ ಮಾಡಿದ. ಜೊತೆಗೆ ಶಿಲುಬೆ ಗುರುತಿನ ಬನ್ನು. ತಿಂದಾದ ಮೇಲೆ ಜಾನ್ಸನ್ ಅತಿಥಿಯನ್ನು ಸೇಂಟ್ ಕ್ಲೆಮೆಂಟ್ ಡೇನ್ಸ್ ಚರ್ಚಿಗೆ ಕರೆದೊಯ್ದ. ಎರಡು ವರ್ಷ ಕಳೆದು, 1775ರ ಶುಭ ಶುಕ್ರವಾರ ಬಾಸ್ವೆಲ್ ಮತ್ತೆ ಅದೇ ಹೊತ್ತಿಗೆ ಹಾಜರಾದಾಗ ಜಾನ್ಸನ್ ಬ್ರೆಡ್ಡಿನ ಚೂರನ್ನೂ ಮುಟ್ಟಲಿಲ್ಲ, ಚಹಾಕ್ಕೆ ಹಾಲನ್ನೂ ಬೆರೆಸಲಿಲ್ಲ. ಹಾಲೂ ಪ್ರಾಣಿಯಿಂದ ಬಂದದ್ದಲ್ಲವೇ, ಅದಕ್ಕಿರಬೇಕು ಎಂದು ಬಾಸ್ವೆಲ್ ಬರೆದುಕೊಂಡ.

ಅದೇ ಮನುಷ್ಯ, ಅದೇ ವ್ರತ. ಒಂದು ವರ್ಷ ಬನ್ನು ಸಲ್ಲುತ್ತದೆ, ಇನ್ನೊಂದು ವರ್ಷ ಸಲ್ಲುವುದಿಲ್ಲ. ಏಸುವಿನ ಮರಣವನ್ನು ನೆನೆಯುವ ದಿನ ಬೆಣ್ಣೆ, ಸಕ್ಕರೆ, ಒಣದ್ರಾಕ್ಷಿ, ಚಕ್ಕೆ, ಜಾಯಿಕಾಯಿ ಹಾಕಿದ ಬನ್ನು ತಿನ್ನುವುದೆಂದರೇನು? ಮಧ್ಯಯುಗದ ಇಂಗ್ಲೆಂಡಿನಲ್ಲಿ ಈಸ್ಟರ್‌ಗೆ ಮುಂಚಿನ ತಪಸ್ಸುಕಾಲದಲ್ಲಿ ಮಾಂಸದ ಜೊತೆಗೆ ಹಾಲು, ಬೆಣ್ಣೆ, ಮೊಟ್ಟೆಗೂ ನಿಷೇಧವಿತ್ತು. ಹಾಟ್ ಕ್ರಾಸ್ ಬನ್ನು ಆ ಕಟ್ಟು ಸಡಿಲಿದ ಮೇಲಿನ ತಿನಿಸು. ಉಪವಾಸಕ್ಕೂ ಹಬ್ಬಕ್ಕೂ ನಡುವಿನ ಹೊಸ್ತಿಲ ಮೇಲೆ ಕೂತದ್ದು.

ಇದರ ಹುಟ್ಟಿನ ಬಗ್ಗೆ ಕಥೆಗಳಿಗೆ ಬರವಿಲ್ಲ. ಸ್ಯಾಕ್ಸನ್ನರು ಈಯೊಸ್ಟ್ರೆ ದೇವತೆಗೆ ಶಿಲುಬೆಯಾಕಾರದ ಗೀಟಿದ್ದ ರೊಟ್ಟಿ ಅರ್ಪಿಸುತ್ತಿದ್ದರು, ಕ್ರೈಸ್ತರು ಅದನ್ನೇ ತಮ್ಮದಾಗಿಸಿಕೊಂಡರು ಎನ್ನುವುದು ಬಹಳ ಓಡಾಡಿರುವ ಕಥೆ. ಆ ದೇವತೆಯ ಮಾತನ್ನು ಹೇಳಿದವನು 725ರ ಸುಮಾರಿಗೆ ಕಾಲಗಣನೆಯ ಗ್ರಂಥ ಬರೆದ ಸನ್ಯಾಸಿ ಬೀಡ್. ಅವಳ ಹೆಸರಿನ ಒಂದು ತಿಂಗಳಿತ್ತು, ಆಗ ಹಬ್ಬ ನಡೆಯುತ್ತಿತ್ತು ಎಂದಷ್ಟೇ ಅವನು ಹೇಳುತ್ತಾನೆ. ರೊಟ್ಟಿಯ ಸುದ್ದಿಯೇ ಅಲ್ಲಿಲ್ಲ. ಇನ್ನು ಸೇಂಟ್ ಆಲ್ಬನ್ಸ್ ಊರಿನವರು, 1361ರಲ್ಲಿ ತಮ್ಮ ಮಠದ ಸನ್ಯಾಸಿ ಥಾಮಸ್ ರಾಕ್ಲಿಫ್ ಶುಭ ಶುಕ್ರವಾರ ಬಡವರಿಗೆ ಇಂಥ ಬನ್ನು ಹಂಚಿದ್ದೇ ಮೊದಲು ಎನ್ನುತ್ತಾರೆ. ಊರಿನ ಅಭಿಮಾನದ ಮಾತು, ಇರಲಿ.

ಗಟ್ಟಿ ನೆಲ ಕಾಲಿಗೆ ಸಿಗುವುದು 1592ರಲ್ಲಿ. ಲಂಡನ್ನಿನ ಮಾರುಕಟ್ಟೆ ಅಧಿಕಾರಿ ಒಂದು ಆಜ್ಞೆ ಹೊರಡಿಸಿದ. ಶವಸಂಸ್ಕಾರ, ಈಸ್ಟರ್‌ಗೆ ಮುಂಚಿನ ಶುಕ್ರವಾರ, ಕ್ರಿಸ್‌ಮಸ್ – ಈ ಮೂರು ಸಂದರ್ಭ ಬಿಟ್ಟರೆ ಬೇಕರಿಯವರು ಮಸಾಲೆ ಬೆರೆಸಿದ ಬ್ರೆಡ್ಡು, ಬನ್ನು ಮಾರಕೂಡದು. ಮಾರಿ ಸಿಕ್ಕಿಬಿದ್ದರೆ ಮಾಲನ್ನೆಲ್ಲ ಕಿತ್ತು ಬಡವರಿಗೆ ಹಂಚುವುದು. (ಬಡವರು ಯಾರ ಪರವಾಗಿ ದೇವರಲ್ಲಿ ಬೇಡಿಕೊಂಡಿರಬಹುದು ಎಂದು ಊಹಿಸುವುದು ಕಷ್ಟವಲ್ಲ.) ಈ ನಿಷೇಧದ ಹಿಂದೆ ಕ್ಯಾಥೊಲಿಕ್ ಆಚರಣೆಗಳ ಮೇಲಿನ ಸಿಟ್ಟನ್ನೇ ಕಾಣುವವರಿದ್ದಾರೆ. ನನಗೆ ಇನ್ನೊಂದು ಕಾರಣವೂ ತೋರುತ್ತದೆ. 13ನೇ ಶತಮಾನದಿಂದಲೂ ಇಂಗ್ಲೆಂಡಿನಲ್ಲಿ ಧಾನ್ಯದ ಬೆಲೆಗೆ ತಕ್ಕಂತೆ ಬ್ರೆಡ್ಡಿನ ತೂಕವನ್ನು ಕಾನೂನೇ ಗೊತ್ತುಪಡಿಸುತ್ತಿತ್ತು. ದ್ರಾಕ್ಷಿ, ಸಕ್ಕರೆ, ಲವಂಗ ಸೇರಿದ ಹಿಟ್ಟನ್ನು ಆ ತಕ್ಕಡಿಯಲ್ಲಿ ತೂಗುವುದು ಹೇಗೆ?

ಕಾನೂನು ಕಟ್ಟಿಹಾಕಿದ್ದು ಅಂಗಡಿಯನ್ನು, ಮನೆಯ ಒಲೆಯನ್ನಲ್ಲ. ಉಳಿದ ದಿನಗಳಲ್ಲಿ ಮಸಾಲೆ ಬನ್ನು ಬೇಕೆಂದವರು ಮನೆಯಲ್ಲೇ ಮಾಡಿಕೊಳ್ಳಬೇಕಾಯಿತು. ಮುಂದಿನ ದೊರೆ ಒಂದನೆಯ ಜೇಮ್ಸ್‌ನ ಕಾಲಕ್ಕೆ ಈ ನಿರ್ಬಂಧವನ್ನು ಜಾರಿಯಲ್ಲಿಡಲಾಗದೆ ಕೈಬಿಡಬೇಕಾಯಿತು ಎಂದು ಇಂಗ್ಲಿಷ್ ಬ್ರೆಡ್ಡಿನ ಚರಿತ್ರೆ ಬರೆದ ಎಲಿಜಬೆತ್ ಡೇವಿಡ್ 1977ರ ತಮ್ಮ ಪುಸ್ತಕದಲ್ಲಿ ಹೇಳುತ್ತಾರೆ.

ಮನೆಯಲ್ಲಿ ಮಾಡುವುದೇನು ಹಗುರದ ಕೆಲಸವಾಗಿರಲಿಲ್ಲ. ಅಂಗಡಿಯಲ್ಲಿ ಯೀಸ್ಟ್ ಪೊಟ್ಟಣ ಸಿಗುವ ಕಾಲವಲ್ಲ ಅದು. ಬಿಯರ್ ಹುದುಗುವಾಗ ಮೇಲೇಳುವ ನೊರೆಯೇ ಹಿಟ್ಟಿಗೆ ಹುದುಗು. ಬೆಣ್ಣೆ, ಸಕ್ಕರೆ ಹೆಚ್ಚಿದಷ್ಟೂ ಹಿಟ್ಟು ಉಬ್ಬುವುದು ನಿಧಾನ. ಚಕ್ಕೆಯಂತೂ ಯೀಸ್ಟಿನ ಕೈಕಾಲು ಕಟ್ಟುತ್ತದೆ. ಇಂದು ಮನೆಯಲ್ಲಿ ಮಾಡುವವರಿಗೂ ಇದರಿಂದ ಬಿಡುಗಡೆಯಿಲ್ಲ. ಅರ್ಧ ಕೆ.ಜಿ. ಮೈದಾಕ್ಕೆ 300 ಮಿ.ಲೀ. ಬೆಚ್ಚನೆ ಹಾಲು, 50 ಗ್ರಾಂ ಬೆಣ್ಣೆ, 75 ಗ್ರಾಂ ಸಕ್ಕರೆ, ಒಂದು ಮೊಟ್ಟೆ, 7 ಗ್ರಾಂ ಒಣ ಯೀಸ್ಟ್, ಚಿಟಿಕೆ ಉಪ್ಪು, ಒಂದು ಚಮಚ ಮಸಾಲೆ ಪುಡಿ. ಕೈಗೆ ಅಂಟುವಷ್ಟು ಮೆದುವಾಗಿಯೇ ನಾದಬೇಕು, ಅಂಟುತ್ತದೆಂದು ಮೈದಾ ಸುರಿಯುತ್ತ ಹೋದರೆ ಬನ್ನು ಕಲ್ಲಾಗುತ್ತದೆ. ಎರಡರಷ್ಟು ಉಬ್ಬಿದ ಮೇಲೆ ದ್ರಾಕ್ಷಿ ಸೇರಿಸಿ, ಉಂಡೆ ಕಟ್ಟಿ, ಮತ್ತೊಮ್ಮೆ ಉಬ್ಬಲು ಬಿಡಬೇಕು. ಮೈದಾ-ನೀರಿನ ಸರಿಯಿಂದ ಬಿಳಿ ಶಿಲುಬೆ ಎಳೆಯುವುದು ಈಚಿನ ರೂಢಿ. ಹಿಂದೆ ಚಾಕುವಿನಿಂದ ಅಡ್ಡ-ಉದ್ದ ಗೀರಿದರೆ ಮುಗಿಯಿತು. 220 ಡಿಗ್ರಿಯಲ್ಲಿ 20 ನಿಮಿಷ ಬೇಯಿಸಿ, ಬಿಸಿಯಿರುವಾಗಲೇ ಸಕ್ಕರೆ ಪಾಕ ಸವರಿದರೆ ಹೊಳಪು ಬರುತ್ತದೆ. ಬಡಿಸುವಾಗ ಅಡ್ಡಕ್ಕೆ ಸೀಳಿ, ಬೆಣ್ಣೆ ಹಚ್ಚಿ. ಮರುದಿನವಾದರೆ ಸೀಳಿ ಕೆಂಪಗೆ ಸುಟ್ಟುಕೊಳ್ಳಬೇಕು. ನನ್ನ ನಾಲಿಗೆಗೆ ಮೊದಲ ದಿನದ್ದಕ್ಕಿಂತ ಅದೇ ಹಿತ.

18ನೇ ಶತಮಾನದ ಲಂಡನ್ನಿನಲ್ಲಿ ಬನ್ನು ಬೀದಿ ತುಂಬ ಇತ್ತು. 1733ರ ಪಂಚಾಂಗವೊಂದರಲ್ಲೇ ಅದರ ಹೆಸರು ಬರುತ್ತದೆ. ಮಾರುವವರ ಕೂಗು ಮುಂದೆ ಶಿಶುಗೀತೆಯಾಯಿತು. ಚೆಲ್ಸಿಯ ಬನ್ ಹೌಸ್ ಮುಂದೆ ಶುಭ ಶುಕ್ರವಾರ ಬೆಳಕು ಹರಿಯುವ ಮುಂಚೆಯೇ ಎಂಥ ಜಂಗುಳಿ ಸೇರುತ್ತಿತ್ತೆಂದರೆ, 1793ರಲ್ಲಿ ಒಡತಿ ಮಿಸೆಸ್ ಹ್ಯಾಂಡ್ ಪ್ರಕಟಣೆ ಕೊಡಬೇಕಾಯಿತು: ಕಳೆದ ವರ್ಷದ ಗದ್ದಲದಿಂದ ನೆರೆಯವರಿಗೆ ತೊಂದರೆಯಾಗಿದೆ, ಈ ಸಲ ಆ ದಿನ ಕ್ರಾಸ್ ಬನ್ನು ಮಾರುವುದಿಲ್ಲ, ಮಾಮೂಲಿ ಚೆಲ್ಸಿ ಬನ್ನು ಮಾತ್ರ. ಇನ್ನೂರು ವರ್ಷಗಳ ಹಿಂದೆ ಕಾನೂನೇ ಬಿಟ್ಟುಕೊಟ್ಟಿದ್ದ ಒಂದು ದಿನವನ್ನು ಕೊಳ್ಳುವವರ ಗುಂಪೇ ಮುಚ್ಚಿಸಿತು!

ಇಂಗ್ಲಿಷರು ಹೋದಲ್ಲೆಲ್ಲ ಬನ್ನೂ ಹೋಯಿತು. ಬೆಂಗಳೂರು ದಂಡಿನ ಪ್ರದೇಶದ ಬೇಕರಿಗಳಿಗೆ ಅದು ಬಂದದ್ದು ಹಾಗೆ. ಫ್ರೇಜರ್ ಟೌನಿನಲ್ಲಿ 1902ರಲ್ಲಿ ಶುರುವಾದ ಆಲ್ಬರ್ಟ್ ಬೇಕರಿಯನ್ನು ನಡೆಸಿಕೊಂಡು ಬಂದಿರುವುದು ಮುಸ್ಲಿಂ ಕುಟುಂಬ. ರಂಜಾನಿಗೆ ಅಲ್ಲಿ ಸಮೋಸಕ್ಕೆ ಸಾಲು ನಿಲ್ಲುವಂತೆ ಶುಭ ಶುಕ್ರವಾರದ ಹೊತ್ತಿಗೆ ಬನ್ನಿಗೂ ಜನ ಬರುತ್ತಾರೆ. ಚಕ್ಕೆ-ಲವಂಗಕ್ಕಾಗಿ ಹಡಗು ಹತ್ತಿ ಪೂರ್ವಕ್ಕೆ ಬಂದವರು ಅವನ್ನೇ ಹಿಟ್ಟಿನಲ್ಲಿ ನಾದಿ ಇಲ್ಲಿ ಬಿಟ್ಟುಹೋದರು.

ಈ ಬನ್ನು ತಿಂದು ಮುಗಿಸುವ ವಸ್ತು ಮಾತ್ರವಾಗಿರಲಿಲ್ಲ. ಶುಭ ಶುಕ್ರವಾರ ಬೇಯಿಸಿದ್ದು ಬೂಸಲು ಹಿಡಿಯುವುದಿಲ್ಲವೆಂಬ ನಂಬಿಕೆಯಿಂದ ಒಂದನ್ನು ಅಡುಗೆಮನೆಯಲ್ಲಿ ತೂಗುಹಾಕುತ್ತಿದ್ದರು. ಯಾರಿಗಾದರೂ ಹೊಟ್ಟೆ ಕೆಟ್ಟರೆ ಅದರಿಂದಲೇ ತುರಿದು ನೀರಿನಲ್ಲಿ ಕಲಸಿ ಕುಡಿಸುವುದು. ಕಡಲಿಗೆ ಹೋಗುವವರ ಗಂಟಿನಲ್ಲಿ ಒಂದಿದ್ದರೆ ಹಡಗು ಒಡೆಯದು. ಪೂರ್ವ ಲಂಡನ್ನಿನಲ್ಲಿ 'ವಿಡೋಸ್ ಸನ್' ಎಂಬ ಹಳೆಯ ಪಬ್ಬಿದೆ. ಅದಿರುವ ಜಾಗದಲ್ಲಿ ಹಿಂದೆ ವಿಧವೆಯೊಬ್ಬಳ ಗುಡಿಸಲಿತ್ತಂತೆ. ಕಡಲಿಗೆ ಹೋದ ಮಗ ಈಸ್ಟರ್‌ಗೆ ಬರುತ್ತೇನೆ, ನನ್ನ ಪಾಲಿನ ಬನ್ನು ತೆಗೆದಿಡು ಎಂದಿದ್ದ. ಬರಲಿಲ್ಲ. ಅವಳು ವರ್ಷ ವರ್ಷವೂ ಒಂದು ಬನ್ನು ಮಾಡಿ ಹಳೆಯವುಗಳ ಜೊತೆ ತೂಗುಹಾಕುತ್ತ ಹೋದಳು. ಇದೂ ಕಥೆಯೇ. ಆದರೆ ಪಬ್ಬಿನ ಸೂರಿನಿಂದ ಇಳಿಬಿಟ್ಟ ಬಲೆಯಲ್ಲಿ ಕರಿಗಟ್ಟಿದ ಬನ್ನುಗಳ ರಾಶಿ ಕಥೆಯಲ್ಲ. ಶುಭ ಶುಕ್ರವಾರ ನಾವಿಕನೊಬ್ಬ ಬಂದು ಆ ಬಲೆಗೆ ಇನ್ನೊಂದನ್ನು ಸೇರಿಸುವುದು ಅಲ್ಲಿನ ವಾಡಿಕೆ.